ಸೀನಿದ್ರೆ ಯೂರಿನ್ ಲೀಕ್ ಆಗತ್ತೆ, ಕೆಗೆಲ್ ಮಾಡಿದ್ರೂ ಕಮ್ಮಿ ಆಗಿಲ್ಲ, ಫಿಸಿಯೋ ಹತ್ರ ಹೋಗೋದಾ?

ಬಚ್ಚಿಟ್ಟ_ಮಾತು:
ಈ ವಿಷ್ಯ ಕೇಳೋಕೆ ಅಂತಾನೇ ಹೊಸ ಐಡಿ ಮಾಡ್ಕೊಂಡೆ, ನಗಬೇಡಿ ಪ್ಲೀಸ್. ನಂಗೆ 37, ಇಬ್ರು ಮಕ್ಳು, ಎರಡೂ ನಾರ್ಮಲ್ ಡೆಲಿವರಿ, ಚಿಕ್ಕೋನು 3.8 ಕೆಜಿ ಇದ್ದ, ಹೊಲಿಗೆ ಜಾಸ್ತಿನೇ ಬಿದ್ದಿತ್ತು. ಅವನಿಗೀಗ ನಾಲ್ಕು ವರ್ಷ. ಅವತ್ತಿಂದ ಸೀನು ಬಂದ್ರೆ, ಜೋರಾಗಿ ನಕ್ರೆ, ವಾಟರ್ ಕ್ಯಾನ್ ಎತ್ತಿದ್ರೆ ಲೀಕ್ ಆಗತ್ತೆ. ಮೊದ್ಲು ಎರಡು ಹನಿ ಅಷ್ಟೇ, ಈಗ ಪ್ಯಾಡ್ ಇಲ್ದೆ ಹೊರಗೆ ಕಾಲಿಡಲ್ಲ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ ತಕ್ಷಣ ಘಾಟಿಗೆ ಕೆಮ್ಮು ಬರತ್ತಲ್ಲ, ಆಗ ಸೌಟು ಬಿಟ್ಟು ಕಾಲಿಗೆ ಕಾಲು ಹೆಣ್ಕೊಂಡು ಅಡುಗೆ ಕಟ್ಟೆ ಹಿಡ್ಕೊಂಡು ನಿಲ್ತೀನಿ, ನಮ್ಮತ್ತೆ ಏನಾಯ್ತೇ ಅಂತಾರೆ, ಕಾಲು ಜೋಮು ಹಿಡೀತು ಅಂತೀನಿ.

ಡಾಕ್ಟರ್ ಯೂರಿನ್ ಟೆಸ್ಟ್ ಮಾಡಿಸಿದ್ರು, ಇನ್ಫೆಕ್ಷನ್ ಇಲ್ಲ. ಕೆಗೆಲ್ (ಮೂತ್ರ ತಡೆಯೋ ಕೆಳಗಿನ ಸ್ನಾಯುನ ಬಿಗಿ ಮಾಡಿ ಬಿಡೋ ಎಕ್ಸರ್ಸೈಸ್) ಮಾಡಮ್ಮ ಅಂದ್ರು, ಹೇಗೆ ಅಂತ ಹೇಳ್ಲಿಲ್ಲ, ನಾನೂ ನಾಚಿಕೆಗೆ ಕೇಳ್ಲಿಲ್ಲ. ಯೂಟ್ಯೂಬ್ ನೋಡ್ಕೊಂಡು ಒಂದು ತಿಂಗಳು ಮಾಡ್ದೆ, ಏನೂ ಆಗ್ಲಿಲ್ಲ, ನಿಜ ಹೇಳ್ಬೇಕಂದ್ರೆ ಸ್ವಲ್ಪ ಜಾಸ್ತಿನೇ ಆಯ್ತೇನೋ ಅನ್ಸತ್ತೆ. ಇನ್ನೊಂದು ಕ್ಲಿನಿಕ್‌ನಲ್ಲಿ ಕರೆಂಟ್ ಕೊಡೋ ಮಷೀನು ಹತ್ತು ಸಿಟ್ಟಿಂಗು 12,000 ಅಂದ್ರು. ಅಮ್ಮ ಬೇರೆ, ಬಾಣಂತನದಲ್ಲಿ ಹೊಟ್ಟೆ ಗಟ್ಟಿಯಾಗಿ ಕಟ್ಕೊಳ್ಳೇ ಅಂದ್ರೆ ಕೇಳ್ಲಿಲ್ಲ ಅದಕ್ಕೇ ಹಿಂಗೆ ಅಂತಿದಾರೆ. ಈ ಮಷೀನ್ ಕೆಲಸ ಮಾಡತ್ತಾ? ಇಲ್ಲಾ ಆಪರೇಷನ್ನೇ ಗತಿನಾ?

ಸಂಜೆಮಲ್ಲಿಗೆ:
ಅಯ್ಯೋ ಸಿಸ್ಟರ್, ನಗೋದೇನು, ನಂದೂ ಅದೇ ಕಥೆ. ಮಗಳ ಸ್ಕೂಲ್ ಸ್ಪೋರ್ಟ್ಸ್ ಡೇಲಿ ಅಮ್ಮಂದಿರಿಗೆ ಸ್ಕಿಪ್ಪಿಂಗ್ ಇಟ್ಟಿದ್ರು, ಮೂರನೇ ಜಂಪಿಗೆ ಗೊತ್ತಾಯ್ತು, ಬ್ಯಾಗ್ ಅಡ್ಡ ಹಿಡ್ಕೊಂಡು ಮನೆಗೆ ಬಂದೆ. ನೋಡೋಣ ಯಾರಾದ್ರೂ ತಿಳ್ದವರು ಹೇಳ್ಲಿ, ನಾನೂ ಇಲ್ಲೇ ಕಾಯ್ತಿದೀನಿ.

ಫಿಸಿಯೋ_ಮೈಸೂರು:
ನಾನು ಫಿಸಿಯೋ, ಹೆರಿಗೆ ಆದವರನ್ನೇ ಹೆಚ್ಚಾಗಿ ನೋಡೋದು. ನೀವು ಹೇಳ್ತಿರೋದು ಸ್ಟ್ರೆಸ್ ಇನ್ಕಾಂಟಿನೆನ್ಸ್. ಇನ್ಕಾಂಟಿನೆನ್ಸ್ ಅಂದ್ರೆ ತಡೆಯೋಕಾಗದೆ ಮೂತ್ರ ಸೋರೋದು. ಸ್ಟ್ರೆಸ್ ಅಂದ್ರೆ ಟೆನ್ಷನ್ ಅಲ್ಲ, ಹೊಟ್ಟೆಯಿಂದ ಮೂತ್ರಕೋಶದ ಮೇಲೆ ಬೀಳೋ ಒತ್ತಡ. ಆಪರೇಷನ್ ಮಾತು ಸದ್ಯಕ್ಕೆ ಪಕ್ಕಕ್ಕಿಡಿ.

ಮುಂದೆ ಮರ್ಮಾಂಗದ ಮೇಲಿರೋ ಎಲುಬಿಂದ ಹಿಂದೆ ಬಾಲದೆಲುಬಿನ ತನಕ ಜೋಳಿಗೆ ಥರ ಸ್ನಾಯು ಹರಡಿರತ್ತೆ, ಅದೇ ಪೆಲ್ವಿಕ್ ಫ್ಲೋರ್. ತೋಟದ ಪೈಪನ್ನ ಸಿಮೆಂಟ್ ನೆಲದ ಮೇಲಿಟ್ಟು ತುಳಿದ್ರೆ ನೀರು ನಿಲ್ಲತ್ತೆ, ಕೆಸರಲ್ಲಿಟ್ಟು ತುಳಿದ್ರೆ ಪೈಪು ಒಳಗೆ ಹೂತ್ಕೊಳ್ಳತ್ತೆ, ನೀರು ಹೋಗ್ತಾನೇ ಇರತ್ತೆ. ಹೆರಿಗೇಲಿ ಎಳೆದು ಹಿಗ್ಗಿರೋ ಸ್ನಾಯು ಈ ಕೆಸರು ಇದ್ದಂಗೆ. ಕೆಮ್ಮಿದಾಗ ಮೂತ್ರನಾಳ ಒತ್ತಿ ಮುಚ್ಕೊಳ್ಳೋಕೆ ಕೆಳಗೆ ಗಟ್ಟಿ ನೆಲ ಬೇಕು.

ಜಾಸ್ತಿ ಆಯ್ತೇನೋ ಅಂದ್ರಲ್ಲ, ನಂಗೆ ಅನುಮಾನ ಬಂದಿದ್ದೇ ಅಲ್ಲಿ. ಸುಮಾರು ಜನ ಬಿಗಿ ಮಾಡಿ ಅಂದ್ರೆ ಮೋಷನ್‌ಗೆ ಹೋಗೋವಾಗ ಮುಕ್ಕೋ ಹಾಗೆ ಕೆಳಗೆ ತಳ್ತಾರೆ, ಅದು ಪೂರ್ತಿ ಉಲ್ಟಾ. 1991ರಲ್ಲಿ ಅಮೆರಿಕದಲ್ಲಿ 47 ಹೆಂಗಸರಿಗೆ ಬರೀ ಬಾಯಲ್ಲಿ ಹೇಳ್ಕೊಟ್ಟು ನೋಡಿದ್ರು, ಸರಿಯಾಗಿ ಮಾಡಿದ್ದು ಅರ್ಧದಷ್ಟು ಜನ, ಕಾಲುಭಾಗ ಜನ ಮಾಡಿದ ರೀತಿ ಲೀಕ್ ಹೆಚ್ಚಿಸೋ ಥರದ್ದು. ವಿಡಿಯೋ ನೋಡಿ ಕಲಿತವರ ಪಾಡು ಇನ್ನೇನಿರತ್ತೆ ಹೇಳಿ. ಈ ಎಕ್ಸರ್ಸೈಸನ್ನ 1948ರಲ್ಲಿ ಬರೆದ ಕೆಗೆಲ್ ಡಾಕ್ಟ್ರೇ, ಬಿಗಿತ ಎಷ್ಟಿದೆ ಅಂತ ಹೆಂಗಸರಿಗೇ ಕಾಣೋ ಹಾಗೆ ಒಂದು ಮೀಟರ್ ಮಾಡಿಸಿದ್ರು. ನಾವು ಮೀಟರ್ ಬಿಟ್ಟು ಹೆಸರು ಮಾತ್ರ ಇಟ್ಕೊಂಡಿದೀವಿ.

ಮನೇಲೇ ಹೀಗೆ ನೋಡ್ಕೊಳ್ಳಿ. ಮಂಡಿ ಮಡಚಿ ಮಲಗಿ ಕೈಗನ್ನಡಿ ಹಿಡೀರಿ. ನಾಲ್ಕು ಜನರ ಮಧ್ಯೆ ಗ್ಯಾಸ್ ತಡೀತೀರಲ್ಲ, ಹಾಗೆ ಹಿಂದಿನಿಂದ ಶುರು ಮಾಡಿ, ಮೂತ್ರ ತಡೆಯೋ ಥರ ಮುಂದಕ್ಕೆ ತಂದು ಮೇಲಕ್ಕೆ ಎಳ್ಕೊಳ್ಳಿ. ಯೋನಿ ಮತ್ತೆ ಗುದದ ಮಧ್ಯದ ಜಾಗ ಒಳಗೆ ಹೋದ್ರೆ ಸರಿ, ಹೊರಗೆ ಉಬ್ಬಿದ್ರೆ ತಪ್ಪು. ಉಸಿರು ಹಿಡೀಬಾರದು, ಕುಂಡೆ ತೊಡೆ ಬಿಗೀಬಾರದು, ಬಿಗಿ ಮಾಡ್ಕೊಂಡೇ ಒಂದು ಎರಡು ಮೂರು ಅಂತ ಜೋರಾಗಿ ಎಣಿಸೋಕಾಗ್ಬೇಕು. ಮೂತ್ರ ಹೋಗ್ತಿರೋವಾಗ ಮಧ್ಯ ನಿಲ್ಸಿ ಪ್ರಾಕ್ಟೀಸ್ ಮಾಡಿ ಅಂತ ವಿಡಿಯೋಗಳಲ್ಲಿ ಹೇಳ್ತಾರೆ, ಅದನ್ನ ಅಭ್ಯಾಸ ಮಾಡ್ಕೋಬೇಡಿ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯತ್ತೆ.

ಆದ್ರೂ ಒಂದ್ಸಲ ಪೆಲ್ವಿಕ್ ಫ್ಲೋರ್ ಗೊತ್ತಿರೋ ಲೇಡಿ ಫಿಸಿಯೋ ಹತ್ರ ತೋರಿಸಿ. ನಿಮ್ಮ ಒಪ್ಪಿಗೆ ಕೇಳಿ ಗ್ಲೌಸ್ ಹಾಕಿ ಬೆರಳಿಂದ ಪರೀಕ್ಷೆ ಮಾಡಿ ಸ್ನಾಯುವಿನ ಬಲಕ್ಕೆ ಸೊನ್ನೆಯಿಂದ ಐದರವರೆಗೆ ಗ್ರೇಡ್ ಕೊಡ್ತಾರೆ, ನೋವಾಗಬಾರದು, ಬೇಡ ಅನ್ನೋ ಹಕ್ಕು ಯಾವಾಗ್ಲೂ ನಿಮ್ದೇ. ಎಷ್ಟು ಸೆಕೆಂಡ್ ಹಿಡೀಬೇಕು ಅನ್ನೋದು ಆ ಗ್ರೇಡ್ ಮೇಲೆ ಹೋಗತ್ತೆ. ಮೂರು ಸೆಕೆಂಡಿಗೇ ಜಾರೋ ಸ್ನಾಯುಗೆ ಹತ್ತು ಸೆಕೆಂಡ್ ಹಿಡಿ ಅಂದ್ರೆ ಹೊಟ್ಟೆ ತೊಡೆ ಎಲ್ಲಾ ಸಹಾಯಕ್ಕೆ ಬಂದ್ಬಿಡತ್ತೆ.

ಮಷೀನ್ ವಿಷ್ಯ. ಎಷ್ಟು ಪ್ರಯತ್ನಪಟ್ರೂ ಸ್ನಾಯು ಅಲ್ಲಾಡೋದೇ ಇಲ್ಲ ಅನ್ನೋರಿಗೆ ಕರೆಂಟ್ ಉಪಯೋಗಕ್ಕೆ ಬರತ್ತೆ, ಎಲ್ಲರಿಗೂ ಬೇಡ. ನಿಮ್ಮನ್ನ ಪರೀಕ್ಷೆನೇ ಮಾಡ್ದೆ ಹತ್ತು ಸಿಟ್ಟಿಂಗ್ ಬರೆದ್ರೆ, ಅದು ಟ್ರೀಟ್ಮೆಂಟ್ ಅಲ್ಲ, ಬಿಲ್ಲು.

ಲೆಸ್ಟರ್_ಕನ್ನಡತಿ:
ಇಲ್ಲಿ ಇಂಗ್ಲೆಂಡಲ್ಲಿ ನಂಗೆ ಆಪರೇಷನ್ ಬಗ್ಗೆ ಮಾತಾಡೋಕೂ ಮುಂಚೆ ಫಿಸಿಯೋಗೇ ಕಳಿಸಿದ್ರು. ಯಾವ ಟ್ರೀಟ್ಮೆಂಟ್ ಹೇಗೆ ಕೊಡ್ಬೇಕು ಅಂತ ಹೇಳೋ ಇಲ್ಲಿನ ಸಂಸ್ಥೆ ನೈಸ್, ಅದ್ರ ಗೈಡ್‌ಲೈನ್ ಪ್ರಕಾರ ಕನಿಷ್ಠ ಮೂರು ತಿಂಗಳು, ಹೇಳ್ಕೊಡೋರೊಬ್ಬರ ಕಣ್ಣಳತೇಲಿ, ಒಂದು ಸಲಕ್ಕೆ ಕನಿಷ್ಠ 8 ಬಿಗಿತ, ದಿನಕ್ಕೆ ಮೂರು ಸಲ. ನೀವು ಮಾಡಿದ್ದು ಒಂದೇ ತಿಂಗಳು, ಅದೂ ಬಹುಶಃ ಉಲ್ಟಾ, ಕೈ ಬಿಡಬೇಡಿ. ಬೇರೆ ಬೇರೆ ಸ್ಟಡಿಗಳನ್ನ ಒಟ್ಟಿಗೆ ಸೇರಿಸಿ ನೋಡೋ 2018ರ ಕಾಕ್ರೇನ್ ರಿವ್ಯೂನಲ್ಲಿ ನಿಮ್ಮ ಥರದ ತೊಂದರೆ ಇರೋರಲ್ಲಿ ಎಕ್ಸರ್ಸೈಸ್ ಮಾಡಿದವರ ಪೈಕಿ ನೂರಕ್ಕೆ 56 ಜನ ವಾಸಿಯಾಯ್ತು ಅಂದಿದಾರೆ, ಮಾಡ್ದೇ ಇದ್ದವರಲ್ಲಿ 6. ಇನ್ನೊಂದು, ಸ್ನಾಯು ಎಷ್ಟು ಬಿಗಿಯಾಯ್ತು ಅಂತ ಸ್ಕ್ರೀನಲ್ಲಿ ಗ್ರಾಫ್ ತೋರಿಸೋ ಬಯೋಫೀಡ್‌ಬ್ಯಾಕ್ ಅಂತ ಬರತ್ತೆ, ಇಲ್ಲಿ 600 ಹೆಂಗಸರನ್ನ ಎರಡು ವರ್ಷ ಫಾಲೋ ಮಾಡಿ 2020ರಲ್ಲಿ ರಿಸಲ್ಟ್ ಕೊಟ್ರು, ಬರೀ ಎಕ್ಸರ್ಸೈಸ್ ಮಾಡಿದವರಿಗೂ ಅದನ್ನ ಸೇರಿಸ್ಕೊಂಡವರಿಗೂ ವ್ಯತ್ಯಾಸ ಸಿಗ್ಲಿಲ್ಲ. ನಂಗಂತೂ ಮಷೀನಿಗಿಂತ ಜಾಸ್ತಿ ಕೆಲಸ ಮಾಡಿದ್ದು ಫೋನ್ ಅಲಾರಂ, ಮೂರು ಹೊತ್ತು.

ಹುಬ್ಬಳ್ಳಿಯಾಕಿ:
ನೋಡ್ರಿ ಅಕ್ಕಾರ, ನಮ್ಮವ್ವಗ 64 ವರ್ಷ. ಕೆಮ್ಮಿದ್ರ ಸೀರಿ ಒದ್ದಿ ಆಗ್ತಿತ್ತು, ಅದಕ್ಕ ಆಕಿ ಏನ್ ಮಾಡ್ತಿದ್ಲು ಅಂದ್ರ ನೀರು ಕುಡಿಯೂದ ಬಿಟ್ಟಿದ್ಲು, ಮದವಿ ಮನಿಗೆ ಹೋಗೂದಿದ್ರ ಮುಂಜಾನಿಂದ ಒಂದ್ ಕಪ್ ಚಾ ಅಷ್ಟ. ನೀರು ಕಮ್ಮಿ ಆಗಿ ಮಲಬದ್ಧತೆ, ದಿನಾ ಕುಂತು ಮುಕ್ಕೂದು, ಹಂಗ ಮುಕ್ಕಿ ಮುಕ್ಕಿ ಕೆಳಗಿನ ಸ್ನಾಯು ಮತ್ತಷ್ಟು ಸಡಲ ಆಗತೈತಿ ಅಂತ ಫಿಸಿಯೋ ಬಾಯಿ ಹೇಳಿದ್ಮ್ಯಾಲ ತಿಳೀತು. ಮೊದಲ ಅದನ್ನ ಸರಿ ಮಾಡಿಸಿದ್ರು, ಮೂರು ದಿನ ಎಷ್ಟು ಕುಡಿದ್ರಿ, ಎಷ್ಟ್ ಸಲ ಹೋದ್ರಿ, ಯಾವಾಗ ಸೋರ್ತು ಅಂತ ಬರಸಿದ್ರು. ಅವ್ವಗ ಬರಿಯಾಕ ಬರಂಗಿಲ್ಲ, ಕ್ಯಾಲೆಂಡರಿನ ಮ್ಯಾಲ ಗೆರಿ ಎಳೀತಿದ್ಲು. ತೂಕಾನೂ ಇಳಸ್ರಿ ಅಂದಾರ. ಪೂರ್ತಿ ಹೋಗಿಲ್ರಿ, ಸುಳ್ಳ್ ಯಾಕ ಹೇಳ್ಲಿ, ಆದ್ರ ಈಗ ಬಸ್ಸಿನ್ಯಾಗ ಒಬ್ಬಾಕಿನ ಧಾರವಾಡಕ್ಕ ಹೋಗಿ ಬರ್ತಾಳ.

ಯೋಗ_ನಿತ್ಯ:
ಇದೆಲ್ಲಾ ಯೋಗದಲ್ಲಿ ಕೆಳಭಾಗ ಬಿಗಿ ಮಾಡಿ ಮೇಲಕ್ಕೆ ಎಳ್ಕೊಳ್ಳೋ ನಮ್ಮ ಮೂಲಬಂಧನೇ ಅಲ್ವಾ? ಕ್ಲಾಸಿಗೆ ಬಂದ್ರೆ ಸಾಕು, ಫಿಸಿಯೋ ಯಾಕೆ?

ಫಿಸಿಯೋ_ಮೈಸೂರು:
ಸರ್, ಎಳೆಯೋ ದಿಕ್ಕು ಒಂದೇ, ಒಪ್ತೀನಿ. ಆದ್ರೆ ಮೂಲಬಂಧನ ಕುಂಭಕದ ಜೊತೆ ಉಸಿರು ಕಟ್ಟಿ ಕಲಿಸ್ತಾರೆ, ಇಲ್ಲಿ ನಮಗೆ ಬೇಕಿರೋದು ಉಸಿರಾಡ್ತಾ, ನಿಂತು, ಬಕೆಟ್ ಎತ್ತೋವಾಗ ಕೂಡ ಬಿಗಿಯಾಗೋ ಸ್ನಾಯು. ಮತ್ತೆ ಕ್ಲಾಸಲ್ಲಿ ಮೂವತ್ತು ಜನ ಕಣ್ಮುಚ್ಚಿ ಕೂತಿರ್ತಾರೆ, ಯಾರು ಮೇಲೆ ಎಳೀತಿದಾರೆ ಯಾರು ಕೆಳಗೆ ತಳ್ತಿದಾರೆ ನಿಮಗೆ ಹೇಗೆ ಗೊತ್ತಾಗತ್ತೆ?

@ಬಚ್ಚಿಟ್ಟ_ಮಾತು, ಎರಡು ವಿಷ್ಯ ಬಿಟ್ಟಿದ್ದೆ. ಹೊಟ್ಟೆ ಕಟ್ಟದೇ ಇದ್ದಿದ್ದಕ್ಕೆ ಹೀಗಾಯ್ತು ಅಂತ ಕೊರಗಬೇಡಿ, ಬಿಗಿಯಾಗಿ ಕಟ್ಟಿದ್ರೆ ಒತ್ತಡ ಕೆಳಗೇ ಹೋಗೋದು. ಮೂತ್ರದಲ್ಲಿ ರಕ್ತ, ಇಪ್ಪತ್ನಾಲ್ಕು ಗಂಟೆ ಸೋರೋದು, ಏನೋ ಗಡ್ಡೆ ಕೆಳಗೆ ಬಂದಂಗೆ ಅನ್ಸೋದು, ಆ ಭಾಗ ಮರಗಟ್ಟೋದು, ಇದ್ರಲ್ಲಿ ಯಾವ್ದಿದ್ರೂ ಎಕ್ಸರ್ಸೈಸ್ ಅಂತ ಕೂರಬೇಡಿ, ಮೊದ್ಲು ಡಾಕ್ಟರ್.

ಬಚ್ಚಿಟ್ಟ_ಮಾತು:
ಹನ್ನೊಂದು ವಾರ ಆದ್ಮೇಲೆ ಬರೀತಿದೀನಿ, ಸಾರಿ. ಅಂದೇ ರಾತ್ರಿ ಬಾಗಿಲು ಹಾಕ್ಕೊಂಡು ಕನ್ನಡಿ ಹಿಡಿದೆ, ಹೊರಗೆ ಉಬ್ತಿತ್ತು! ಒಂದು ತಿಂಗಳು ಪೂರ್ತಿ ತಳ್ತಾನೇ ಇದ್ದೆ ಅಂತಾಯ್ತು. ಫಿಸಿಯೋ ಹತ್ರ ಹೋದೆ, ಗ್ರೇಡ್ 2, ಎರಡೇ ಸೆಕೆಂಡ್ ಹಿಡಿಯೋಕಾಗ್ತಿದ್ದಿದ್ದು, ಈಗ ಎಂಟಾಗತ್ತೆ. ಮಷೀನ್ ಬೇಡ ಅಂದ್ರು. ಕೆಮ್ಮೋಕೆ, ಎತ್ತೋಕೆ ಒಂದು ಕ್ಷಣ ಮುಂಚೆನೇ ಬಿಗಿ ಮಾಡೋದು ಕಲಿಸಿದ್ರಲ್ಲ, ನಂಗೆ ದೊಡ್ಡ ವ್ಯತ್ಯಾಸ ಆಗಿದ್ದು ಅದ್ರಿಂದ. ಮೆಣಸಿನಕಾಯಿ ಎಣ್ಣೆಗೆ ಬೀಳೋಕೆ ಮುಂಚೆನೇ ಬಿಗಿ ಮಾಡ್ಕೊಂಡು ರೆಡಿ ಇರ್ತೀನಿ, ಸೌಟು ಕೈಲೇ ಇರತ್ತೆ. ಮನೇಲಿರೋವಾಗ ಪ್ಯಾಡ್ ಬಿಟ್ಟಿದೀನಿ. ಆದ್ರೆ ಒಂದು ಸೀನು ತಡೀತೀನಿ, ಬೆನ್ನಲ್ಲೇ ಎರಡನೇದು ಬಂದ್ರೆ ಸೋತೆ.

ಫಿಸಿಯೋ_ಮೈಸೂರು:
ಎರಡನೇ ಸೀನಿಗೆ ಸ್ನಾಯು ಸುಸ್ತಾಗಿರತ್ತೆ ಅಷ್ಟೇ. ನಿಧಾನ ಹಿಡಿಯೋದರ ಜೊತೆ ಪಟ್ ಪಟ್ ಅಂತ ಬಿಗಿ-ಬಿಡು ಹತ್ತು ಸಲ ಸೇರಿಸಿ, ಮಲಗಿ ಅಲ್ಲ ನಿಂತ್ಕೊಂಡು. ನಿಮ್ಮ ಫಿಸಿಯೋಗೂ ಒಂದ್ಸಲ ಕೇಳಿ. ಮತ್ತೆ ಮೂರು ತಿಂಗಳಾಯ್ತು ಅಂತ ಅಲಾರಂ ತೆಗೀಬೇಡಿ.

ಸಂಜೆಮಲ್ಲಿಗೆ:
ನಾನೂ ಕನ್ನಡಿ ತಗೊಂಡೆ ಕಣ್ರೀ. ನಂದೂ ಉಲ್ಟಾನೇ.