ಸಹಾಯ ಬೇಕು: ಎಲೆಯ ಅಂಚಿನಲ್ಲಿ ಗುರುತು ಎಲ್ಲಿ ಹಾಕಲಿ?

ಬಸವನಪಾದ (ಎಲೆ ತುದಿಯಲ್ಲಿ ಸೀಳಿ ಎರಡಾಗಿರುವ ಮರ) ಮತ್ತು ಅದರ ನಂಟಿನ ಗಿಡಗಳ ಎಲೆಯ ಆಕಾರ ಹೇಗೆ ಬದಲಾಗುತ್ತಾ ಬಂತು ಎಂದು ಲೆಕ್ಕ ಹಾಕಲು ಹೊರಟಿದ್ದೇನೆ. ಜಯನಗರದ ರಸ್ತೆಬದಿಯಲ್ಲಿ ಬಿದ್ದ ಎಲೆಗಳನ್ನೇ ಆರಿಸಿ ಸ್ಕ್ಯಾನ್ ಮಾಡಿದ್ದೇನೆ (ಕಸ ಗುಡಿಸುವ ಮೊದಲೇ ಏಳಬೇಕು!). ಎಲೆಗಳ ಜಾಗ, ಗಾತ್ರ, ತಿರುವು ಮೂರನ್ನೂ ತೆಗೆದುಹಾಕಿ ಆಕಾರ ಮಾತ್ರ ಉಳಿಸುವ ಪ್ರೊಕ್ರಸ್ಟೀಸ್ ಹೊಂದಿಕೆ ಆರ್ ಪ್ರೋಗ್ರಾಮಿಂಗ್ ಭಾಷೆಯ ಜಿಯೋಮಾರ್ಫ್ ಪ್ಯಾಕೇಜ್‌ನಲ್ಲಿ ಸಲೀಸಾಗಿ ಆಯಿತು.

ತೊಡಕು ಅಂಚಿನದು. ತೊಟ್ಟು ಸೇರುವ ಜಾಗ, ಸೀಳಿನ ತಳ, ಎರಡು ತುದಿ ಎಲ್ಲ ಎಲೆಯಲ್ಲೂ ಸಿಗುತ್ತವೆ, ಹೋಲಿಸಲು ಅಲ್ಲಿ ಗುರುತು ಹಾಕಬಹುದು. ಮಿಕ್ಕದ್ದು ಸುಮ್ನೆ ನುಣುಪು ಗೆರೆ, ಅಲ್ವಾ? ಅಲ್ಲಿ ಜಾರುವ ಅರೆಗುರುತುಗಳು (ಗೆರೆಯುದ್ದಕ್ಕೂ ಸರಿಸಿ ಹೊಂದಿಸುವ ಬಿಂದುಗಳು) ಒಳ್ಳೆಯದೋ, ಇಡೀ ಅಂಚನ್ನು ಅಲೆಗಳ ಮೊತ್ತವಾಗಿ ಬರೆಯುವ ಫೂರಿಯರ್ ವಿಧಾನವೋ? 1917ರಲ್ಲಿ ಜೀವವಿಜ್ಞಾನಿ ಡಾರ್ಸಿ ಥಾಂಪ್ಸನ್ ಚಿತ್ರದ ಮೇಲಿನ ಚೌಕಳಿ ಬಾಗಿಸಿ ಒಂದು ಮೀನನ್ನು ಇನ್ನೊಂದಾಗಿ ಮಾಡಿದ್ದರು. ನನಗೆ ಒಂದು ಎಲೆಗೇ ತಲೆ ಕೆಟ್ಟಿದೆ.

ಮುಂದೆ ಇದನ್ನೆಲ್ಲ ವಂಶವೃಕ್ಷದ ಮೇಲಿಟ್ಟು ಪೂರ್ವಜರ ಎಲೆ ಊಹಿಸಬೇಕು. ಗೊತ್ತಿರುವವರು ಶನಿವಾರ ಕಬ್ಬನ್ ಪಾರ್ಕಿನಲ್ಲಿ ಅರ್ಧ ಗಂಟೆ ಸಿಗ್ತೀರಾ? ಕಾಫಿ ನನ್ನದು.