ಸಹಾಯ ಬೇಕು: ಕಾಫಿ ತೋಟದ ನೆರಳಲ್ಲಿ ಮುಖಕ್ಕೆ ಹಸಿರು ಬಣ್ಣ ಬರುತ್ತಿದೆ

ನಮಸ್ಕಾರ. ಸೋಮವಾರಪೇಟೆ ಕಡೆ ಕಾಫಿ ತೋಟದಲ್ಲಿ ಕಿರುಚಿತ್ರ ಮಾಡುತ್ತಿದ್ದೇವೆ, ಕ್ಯಾಮೆರಾ ಕೆಲಸ ನನ್ನದು. ನೆರಳಲ್ಲಿ ಎಲೆಗಳ ಹಸಿರೆಲ್ಲ ನಟರ ಮುಖದ ಮೇಲೆ ಬೀಳುತ್ತದೆ, ಜೊತೆಗೆ ಸಿಲ್ವರ್ ಓಕ್ ಮರಗಳ ಸಂದಿಯಿಂದ ಬರುವ ಬಿಸಿಲಿನ ಚುಕ್ಕೆ ಬೇರೆ, ಅದು ಬಿದ್ದ ಕಡೆ ಕೆನ್ನೆ ಪೂರ್ತಿ ಬೆಳ್ಳಗಾಗಿ ಚರ್ಮವೇ ಕಾಣುವುದಿಲ್ಲ.

ಕ್ಯಾಮೆರಾ ಸೆಟ್ಟಿಂಗ್: ಸೆಕೆಂಡಿಗೆ 24 ಫ್ರೇಮ್, ಶಟರ್ 1/50 ಸೆಕೆಂಡ್, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) 5600 ಕೆಲ್ವಿನ್. ಅದರಲ್ಲಿರುವ ಟಿಂಟ್ ಅನ್ನು ಹಸಿರಿನಿಂದ ಅದಕ್ಕೆ ವಿರುದ್ಧವಾದ ಮೆಜೆಂಟಾ (ನೇರಳೆಗೆಂಪು) ಕಡೆ ಸರಿಸಿದರೆ ಮುಖ ಸರಿಹೋಗುತ್ತದೆ, ಆದರೆ ತೋಟದ ಹಸಿರು ಸತ್ತು ಹೋಗುತ್ತದೆ. ಆ ಹಸಿರು ನನಗೆ ಬೇಕೇ ಬೇಕು, ಕಥೆ ನಡೆಯುವುದೇ ಅದರೊಳಗೆ ಅಲ್ವಾ.

ಥರ್ಮಾಕೋಲ್‌ನಿಂದ ಬೆಳಕು ಬೌನ್ಸ್ ಮಾಡಿದರೆ ಅದೂ ಹಸಿರನ್ನೇ ವಾಪಸ್ ಕೊಡುತ್ತದೆ. ಗಿಡಗಳ ಕಡೆಗೆ ಕಪ್ಪು ಬಟ್ಟೆ ಕಟ್ಟಿ, ಮೇಲೆ ಬಿಳಿ ಬಟ್ಟೆ ಹಿಡಿದು, ಬ್ಯಾಟರಿ ಎಲ್‌ಇಡಿ ಹಾಕಿದರೆ ಸಾಕಾ? ತೋಟದಲ್ಲಿ ಶೂಟ್ ಮಾಡಿದವರು ದಯವಿಟ್ಟು ಹೇಳಿ. ಮಡಿಕೇರಿ, ಕುಶಾಲನಗರ ಕಡೆ ದೊಡ್ಡ ಡಿಫ್ಯೂಷನ್ ಬಟ್ಟೆ (ಬಿಸಿಲನ್ನು ಮೃದು ಮಾಡುವ ಬಿಳಿ ಬಟ್ಟೆ), ಪೋಲರೈಸರ್ (ಎಲೆಗಳ ಹೊಳಪು ಕಡಿಮೆ ಮಾಡುವ ಲೆನ್ಸ್ ಫಿಲ್ಟರ್) ಬಾಡಿಗೆಗೆ ಯಾರ ಹತ್ತಿರ ಸಿಗುತ್ತದೆ?