ದೊಡ್ಡತ್ತೆಯ ಮಾತುಗಳನ್ನು ಸಿಡಿಗೆ ಹಾಕುವ ಮುನ್ನ

ಮಗೂ, ದೊಡ್ಡತ್ತೆಯ ಮೂರು ಗಂಟೆ ಇಪ್ಪತ್ತು ನಿಮಿಷದ ಮಾತು ಒಂದು ಸಿಡಿಗೆ ಹಿಡಿಯುತ್ತಿಲ್ಲ, ತುಂಡು ಮಾಡಿದರೆ ಹಾಳಾದೀತೇ ಎಂದು ನೀನು ಗಾಬರಿಯಿಂದ ಕೇಳಿದ್ದನ್ನು ಈಗಷ್ಟೇ ನೋಡಿದೆ. ತುಂಡು ಮಾಡುವುದರಿಂದ ಏನೂ ಕೆಡುವುದಿಲ್ಲ. ಆದರೆ ಮೂಲ ಫೈಲನ್ನು ಮಾತ್ರ ಅಳಿಸಬೇಡ.

ಅಪ್ಪನ ಕಂಠ ಎಂಥದೆಂದು ನಮ್ಮ ಮನೆಯವರ ಈ ಗುಂಪಿನಲ್ಲಿರುವ ಎಲ್ಲರಿಗೂ ಗೊತ್ತು. ಅವರು ಹಾಡಿದ್ದ ಎರಡು ಗಂಟೆಯ ಕ್ಯಾಸೆಟ್ಟುಗಳನ್ನು ಹಗಲೂ ರಾತ್ರಿ ಕುಳಿತು ಕಂಪ್ಯೂಟರಿಗೆ ಇಳಿಸಿದವನು ನಾನು. ಎಲ್ಲಿ ಕತ್ತರಿಸಬೇಕೆಂದು ಕೇಳುತ್ತ ಕೂರುವ ತಾಳ್ಮೆಯಿಲ್ಲದೆ, ಐದೈದು ನಿಮಿಷಕ್ಕೊಂದು ತುಂಡಾಗಲಿ ಎಂದು ಸಾಫ್ಟ್‌ವೇರಿಗೇ ಒಪ್ಪಿಸಿ, ಒಂದೊಂದೇ ಟ್ರ್ಯಾಕನ್ನು ಸಿಡಿಗೆ ಬರೆದು, ಅಂದರೆ ಬರ್ನ್ ಮಾಡಿ, ಹಾರ್ಡ್ ಡಿಸ್ಕಿನಲ್ಲಿ ಜಾಗವಿಲ್ಲವೆಂದು ಸುಮಾರು 1.2 ಜಿಬಿಯ ಮೂಲ ಫೈಲನ್ನು ಅಂದೇ ಅಳಿಸಿಬಿಟ್ಟೆ. ಮರುದಿನ ಸಿಡಿ ಹಾಕಿದರೆ, ಆರನೆಯ ಟ್ರ್ಯಾಕು ‘ತಾ’ ಎಂದು ನಿಂತಿತು, ಎರಡು ಸೆಕೆಂಡು ಮೌನ, ಆಮೇಲೆ ಏಳನೆಯದು ‘ಯಿ’ ಎಂದು ಶುರುವಾಯಿತು. ಅಪ್ಪ ‘ತಾಯಿ’ ಎಂದು ಎಳೆದು ಹಾಡಿದ್ದ ಆ ಒಂದೇ ಪದವನ್ನು ನಾನು ಎರಡು ಹೋಳು ಮಾಡಿದ್ದೆ. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಸಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ ಮುಗಿಸುವ ತನಕ ಮೂಲ ಫೈಲನ್ನು ಅಳಿಸಬೇಡ.

ಕ್ಯಾಸೆಟ್ಟಿನಿಂದ ಇನ್ನೊಮ್ಮೆ ಇಳಿಸಬಹುದಿತ್ತಲ್ಲ ಎಂದು ನೀನು ಕೇಳಬಹುದು. ಇಳಿಸಬಹುದಿತ್ತು, ಅದರ ಮೇಲೆ ಸಿನಿಮಾ ಹಾಡುಗಳನ್ನು ತುಂಬಿರದಿದ್ದರೆ. ಯಾರೂ ಅಳಿಸಬಾರದೆಂದೇ ನಾನು ಕ್ಯಾಸೆಟ್ಟಿನ ಅಂಚಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದಿಟ್ಟಿದ್ದೆ. ಆ ತೂತುಗಳಿಗೆ ಅಂಟುಪಟ್ಟಿ ಹಚ್ಚಿ ರೆಕಾರ್ಡ್ ಮಾಡಿದ್ದಾರೆ. ಇದು ಕೈತಪ್ಪಿ ಆಗುವ ಕೆಲಸವಲ್ಲ. ಮಾಡಿದವರು ಈ ಗುಂಪಿನಲ್ಲೇ ಇದ್ದಾರೆ, ನನ್ನ ಮಾತನ್ನು ಕೇಳುತ್ತಲೂ ಇದ್ದಾರೆ, ಇಂದಿನವರೆಗೆ ತಪ್ಪಾಯಿತು ಎಂದಿಲ್ಲ. ಹಬ್ಬಕ್ಕೆ ಬಂದಾಗ ಮಾತ್ರ ಅಪ್ಪನ ಹಾಡು ಹಾಕಿ ಎಂದು ಮೊದಲು ಕೇಳುವವರೂ ಅವರೇ. ಇರಲಿ.

ಅಂದಹಾಗೆ ನೀನು ಕೇಳಿದ್ದು ಬೇರೆಯೇ. ಎಂಪಿ3 ಫೈಲು 200 ಎಂಬಿಯೂ ಇಲ್ಲ, ಸಿಡಿಯ ಮೇಲೆ 700 ಎಂಬಿ ಎಂದಿದೆ, ಆದರೂ ಏಕೆ ಹಿಡಿಯದು ಎಂದೆ. ಆ 700 ಎಂಬಿ ಎಂಬುದು ಫೈಲುಗಳನ್ನು ಇದ್ದಂತೆಯೇ ಹಾಕುವ ಡೇಟಾ ಸಿಡಿಯ ಲೆಕ್ಕ, ಆಡಿಯೊ ಸಿಡಿ ಲೆಕ್ಕ ಹಾಕುವುದು ನಿಮಿಷಗಳನ್ನು. ಅದರಲ್ಲಿ ಧ್ವನಿ ಎಂಪಿ3ಯಂತೆ ಒತ್ತಿ ಚಿಕ್ಕದಾಗದೆ ಬಿಚ್ಚಿಕೊಂಡೇ ಕೂರುವುದರಿಂದ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು, 80 ನಿಮಿಷಕ್ಕೆ ಡಿಸ್ಕು ಮುಗಿಯುತ್ತದೆ. ಡೇಟಾ ಸಿಡಿ ಮಾಡಿದರೆ ಎಲ್ಲವೂ ಒಂದರಲ್ಲೇ ಹಿಡಿಯುತ್ತದೆ, ಆದರೆ ದೊಡ್ಡತ್ತೆಯ ಹಳೆಯ ಪ್ಲೇಯರು ಅದನ್ನು ಓದುವುದಿಲ್ಲ. ಹಾಗಾಗಿ ಮೂರು ಡಿಸ್ಕು ತೆಗೆದುಕೊಂಡು, ಒಂದೊಂದಕ್ಕೆ 65ರಿಂದ 70 ನಿಮಿಷದಷ್ಟು ಹಂಚು.

ಧ್ವನಿ ಕತ್ತರಿಸುವ ಸಾಫ್ಟ್‌ವೇರಾದ ಆಡಾಸಿಟಿಯಲ್ಲಿ ಫೈಲನ್ನು ತೆರೆದು, ಅವರು ಉಸಿರು ತೆಗೆದುಕೊಳ್ಳುವ ಅಥವಾ ವಿಷಯ ಬದಲಿಸುವ ಜಾಗದಲ್ಲಿ, ಇಲ್ಲಿ ಕತ್ತರಿಸು ಎಂಬ ಗುರುತಾಗಿ ಲೇಬಲ್ ಹಾಕು. ಒಂದು ಡಿಸ್ಕಿಗೆ 99 ಟ್ರ್ಯಾಕುಗಳವರೆಗೆ ಅವಕಾಶವಿದೆ, ಹತ್ತು ಹದಿನೈದು ಸಾಕು. ಸಿಡಿ ಒಂದು ಸೆಕೆಂಡನ್ನು 75 ಫ್ರೇಮುಗಳಾಗಿ ಎಣಿಸುತ್ತದೆ. ಕತ್ತರಿ ಎರಡು ಫ್ರೇಮುಗಳ ನಡುವಿನ ಗೆರೆಯ ಮೇಲೆ ಬೀಳದಿದ್ದರೆ ಫ್ರೇಮಿನ ಉಳಿದ ಚೂರಿಗೆ ಮೌನ ತುಂಬಿಕೊಂಡು ‘ಟಿಕ್’ ಎಂಬ ಸದ್ದು ಬರಬಹುದು, ಆದ್ದರಿಂದ ಗುರುತು ತಾನಾಗಿಯೇ ಆ ಗೆರೆಗೆ ಕೂರುವಂತೆ, ಅಂದರೆ ಸಿಡಿ ಫ್ರೇಮುಗಳಿಗೆ ಸ್ನ್ಯಾಪ್ ಆಗುವಂತೆ ಇಟ್ಟುಕೋ. ಆಮೇಲೆ ತುಂಡುಗಳನ್ನು ಆಡಿಯೊ ಸಿಡಿಯ ಅಳತೆಯಲ್ಲೇ, ಅಂದರೆ 44,100 ಹರ್ಟ್ಸ್, 16 ಬಿಟ್, ಸ್ಟೀರಿಯೊ ವೇವ್ ಫೈಲುಗಳಾಗಿ ಹೊರತೆಗೆ. ಬರ್ನ್ ಮಾಡುವಾಗ ಆಡಿಯೊ ಸಿಡಿ ಎಂಬುದನ್ನೂ, ಇಡೀ ಡಿಸ್ಕನ್ನು ಒಂದೇ ಬಾರಿಗೆ ಬರೆಯುವ ಡಿಸ್ಕ್ ಅಟ್ ಒನ್ಸ್ ಎಂಬುದನ್ನೂ ಆರಿಸಿ, ಟ್ರ್ಯಾಕುಗಳ ನಡುವಿನ ಅಂತರವನ್ನು ಸೊನ್ನೆ ಮಾಡು. ಮೊದಲನೆಯ ಡಿಸ್ಕು ಆದೊಡನೆ ಅದನ್ನು ಕಂಪ್ಯೂಟರಿನಲ್ಲಲ್ಲ, ದೊಡ್ಡತ್ತೆಯ ಪ್ಲೇಯರಿನಲ್ಲೇ ಹಾಕಿ ಕೇಳು. ಅದು ಸರಿಯಿದ್ದರೆ ಉಳಿದೆರಡನ್ನು ಮಾಡು.